ಗುಂಡೆ ಕುಡಿ ಪಕ್ಕ

ಬೆಳಿಗ್ಗೆ ಎದ್ದು ನಲ್ಲಿ ನೀರು ಹಿಡಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಸಂಜೆಯ ಸಾರಿಗೆ ಹುರುಳಿಕಾಳು ನೆನೆಹಾಕಿದೆ. ಯಜಮಾನರ ಷರಟಿನ ಗುಂಡಿ ಹೊಲಿದೆ. ಅಮ್ಮನಿಗೆ ಮಾತ್ರೆ ನುಂಗಿಸಿದೆ. ಆಮೇಲೆ ಮೂವರೂ ಶ್ರೀನಿವಾಸಪುರದಿಂದ ಕೋಲಾರದ ಬಸ್ಸು ಹತ್ತಿದೆವು. ಬಸುರಿ ಮಗಳು ಮಾಲೂರಿನಿಂದ ನೇರವಾಗಿ ಆಸ್ಪತ್ರೆಗೇ ಬರುವವಳಿದ್ದಳು. ಇವತ್ತು ಅವಳ ಸ್ಕ್ಯಾನಿಂಗು. ಹೊಟ್ಟೆಯಲ್ಲಿರುವ ಮಗುವಿನ ಹೃದಯ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಬೇಕಿತ್ತು.

ಹೃದಯ ಎಲ್ಲರಿಗೂ ಎಡಕ್ಕೇ ಇರುತ್ತದೆಂದು ಹೋದ ತಿಂಗಳವರೆಗೆ ನಾನೂ ನಂಬಿದ್ದೆ. ಯಜಮಾನರಿಗೆ ಕೆಮ್ಮು ಹಿಡಿದು ಎಕ್ಸ್‌ರೇ ತೆಗೆಸಿದೆವು. ಫಿಲ್ಮು ನೋಡಿದ ಡಾಕ್ಟರು, ಉಲ್ಟಾ ತೆಗೆದಿದ್ದೀಯ ಎಂದು ಎಕ್ಸ್‌ರೇಯವನನ್ನು ಬೈದರು. ಅವನು ಮುಖ ಊದಿಸಿಕೊಂಡು ಇನ್ನೊಂದು ತೆಗೆದ. ಅದೂ ಹಾಗೇ ಬಂತು. ಕೊನೆಗೆ ಡಾಕ್ಟರು ಇವರ ಎದೆಯ ಬಲಭಾಗಕ್ಕೆ ಸ್ಟೆತಾಸ್ಕೋಪು ಇಟ್ಟು ಕೇಳಿ ನಕ್ಕುಬಿಟ್ಟರು. ಅವರು ಚಿತ್ತೂರಿನ ಕಡೆಯವರು. "ಮೇಷ್ಟಾರೂ, ಮೀ ಗುಂಡೆ ಕುಡಿ ಪಕ್ಕ ಉಂದಿ" ಅಂದರು. ಹೃದಯ ಬಲಕ್ಕೆ, ಲಿವರು ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲಾ ಅದಲುಬದಲು. ಆದರೆ ಅದರಿಂದ ತೊಂದರೆಯೇನಿಲ್ಲ. ಸರ್ವೀಸಿಡೀ ಮಕ್ಕಳಿಗೆ "ದಾಯೇ ಮುಡ್, ಬಾಯೇ ಮುಡ್" ಎಂದು ಕೂಗಿದ ಪಿ.ಟಿ. ಮೇಷ್ಟ್ರಿಗೆ ತಮ್ಮೊಳಗಿನ ಎಡಬಲವೇ ತಿಳಿದಿರಲಿಲ್ಲ.

ತಿಳಿದ ಮೇಲೆ ಇವರಿಗೆ ಮೊಮ್ಮಗುವಿನ ಚಿಂತೆ ಹತ್ತಿತು. ಮಗಳ ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. ಭ್ರೂಣ ಚುಕ್ಕೆಯಷ್ಟಿರುವಾಗ ಅದಕ್ಕೆ ಎಡಬಲ ಎಂಬುದೇ ಇರುವುದಿಲ್ಲವಂತೆ. ಮಧ್ಯದ ಒಂದು ಸಣ್ಣ ಕುಳಿಯಲ್ಲಿ ಕಣ್ಣಿಗೆ ಕಾಣದ ಕೂದಲುಗಳು ಗಿರಗಿರ ತಿರುಗಿ, ಅಲ್ಲಿನ ನೀರನ್ನು ಒಂದೇ ಕಡೆಗೆ ತಳ್ಳುತ್ತವಂತೆ. ನೀರು ಹೋದ ಕಡೆ ಒಂದು ಜೀನ್ ಎಚ್ಚರವಾಗಿ "ಇದು ಎಡ" ಎಂದು ಸಾರುತ್ತದೆ. ಹೃದಯ, ಹೊಟ್ಟೆ ಎಲ್ಲ ಆ ಮಾತು ಕೇಳಿ ಜಾಗ ಹಿಡಿಯುತ್ತವೆ. ಇಲಿಗೂ ಮೀನಿಗೂ ಇದೇ ಏರ್ಪಾಡಂತೆ. ಕೂದಲು ತಿರುಗದಿದ್ದರೆ ಹೃದಯ ಎತ್ತ ಬೇಕಾದರೂ ವಾಲಬಹುದು. ನನಗೆ ಮುದ್ದೆ ಕೋಲು ನೆನಪಾಯಿತು. ಕೋಲನ್ನು ಓರೆಯಾಗಿ ಹಿಡಿದು ತಿರುವಿದರೆ ಹಿಟ್ಟೆಲ್ಲ ಒಂದು ಪಕ್ಕಕ್ಕೇ ಗುಡ್ಡೆಯಾಗುತ್ತದಲ್ಲ, ಹಾಗೆ.

"ಮೊಮ್ಮಗುವಿಗೆ ಹೀಗೇ ಆಗೋದು ಅಪರೂಪ, ಆದ್ರೂ ಸ್ಕ್ಯಾನಿಂಗಲ್ಲಿ ನೋಡೋಣ" ಎಂದಿದ್ದರು ಡಾಕ್ಟರಮ್ಮ. ಆ "ನೋಡೋಣ" ಇವರ ನಿದ್ದೆ ಕೆಡಿಸಿತು.

ನನ್ನ ಅಮ್ಮ ಮದ್ದೂರಿನಿಂದ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ಗಾಬರಿಯಾಗದಿರಲಿ ಎಂದು ನಾವಿಬ್ಬರೂ ಈ ವಿಷಯವನ್ನು ತೆಲುಗಿನಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ತೆಲುಗಿನಲ್ಲಿ ಗುಂಡೆ ಎಂದರೆ ಹೃದಯ, ಕುಡಿ ಎಂದರೆ ಬಲ. ತೆಲುಗು ಬಾರದ ಅಮ್ಮನ ಕಿವಿಗೆ ಬಿದ್ದದ್ದು ಗುಂಡು ಮತ್ತು ಕುಡಿಯುವುದು, ಎರಡೇ. ಅಂದಿನಿಂದ ಅವಳು ಅಳಿಯನಿಗೆ ಬೆಳಿಗ್ಗೆ ಕೇಳದೆಯೇ ನಿಂಬೆ ಪಾನಕ ಕೊಡತೊಡಗಿದಳು. ಒಗೆಯಲು ಹಾಕಿದ ಷರಟು ಮೂಸುತ್ತಿದ್ದಳು. ರಾತ್ರಿ ಚಾಪೆಯನ್ನು ಹೊಸ್ತಿಲಿಗೇ ಎಳೆದುಕೊಂಡು, ಎಲ್ಲರೂ ಮಲಗಿದ ಮೇಲೂ ಕಣ್ಣು ಬಿಟ್ಟುಕೊಂಡಿರುತ್ತಿದ್ದಳು. ಸೆಕೆಗೆ ಇರಬೇಕು ಅಂದುಕೊಂಡಿದ್ದೆ.

ಇವತ್ತು ಮಗಳನ್ನು ಒಳಗೆ ಮಲಗಿಸಿದ ಕೂಡಲೇ ಇವರು ಬಾಗಿಲಲ್ಲಿ ಕತ್ತು ತೂರಿಸಿ, "ಯಾವುದಮ್ಮಾ?" ಎಂದರು.

ನರ್ಸು ಗೋಡೆಯ ಬೋರ್ಡು ತೋರಿಸಿದಳು. "ಅದೆಲ್ಲ ಕೇಳಂಗಿಲ್ಲ ಸಾರ್. ಪೊಲೀಸ್ ಕೇಸ್ ಆಗುತ್ತೆ."

"ಗಂಡೋ ಹೆಣ್ಣೋ ಅಲ್ಲಮ್ಮಾ, ಎಡವೋ ಬಲವೋ!"

ಅವಳು ಇವರನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಹಾಕಿಕೊಂಡಳು. ಇವರು ಬೆಂಚಿನ ಮೇಲೆ ಕೂತು ನಾನು ಬೆಳಿಗ್ಗೆ ತಾನೇ ಹೊಲಿದ ಗುಂಡಿಯನ್ನು ತಿರುಚಿ ತಿರುಚಿ ಮತ್ತೆ ಕಿತ್ತರು.

ಕೊನೆಗೂ ಡಾಕ್ಟರಮ್ಮ ಹೊರಗೆ ಬಂದು, ಇವರ ತೆಲುಗು ಮಾತನ್ನೇ ಬೆರೆಸಿ ಹೇಳಿದರು. "ಮೇಷ್ಟ್ರೇ, ಎಲ್ಲಾ ಸರಿಯಾಗಿದೆ. ಮಗೂ ಗುಂಡೆ ಎಡಗಡೆನೇ ಇದೆ. ತಾತನ ಥರ ಕುಡಿ ಕಡೆ ಹೋಗಿಲ್ಲ."

ಇವರು ಎರಡೂ ಕೈ ಎತ್ತಿ ಮುಗಿದರು. ಅಮ್ಮ ಹೌಹಾರಿದಳು.

"ಅಯ್ಯೋ ನಮ್ಮವ್ವಾ, ಕೂಸಿನ್ನೂ ಹೊಟ್ಟೆಲೈತೆ! ಈಗ್ಲೇ ಗುಂಡು ಕುಡಿಯೋ ಮಾತಾ? ಈವಯ್ಯ ಕುಡಿಯೋದು ಆಸ್ಪತ್ರೆಗೆಲ್ಲಾ ಗೊತ್ತಾಗೋಯ್ತಾ?"

"ಯಾರತ್ತೆ ಕುಡಿಯೋದು?" ಇವರು ಬೆಚ್ಚಿ ಎದ್ದರು. "ಎದೆ ಮುಟ್ಕೊಂಡು ಹೇಳ್ತೀನಿ, ಒಂದ್ ತೊಟ್ಟೂ ಕುಡಿಯಲ್ಲ ನಾನು!"

ಆದರೆ ಎಕ್ಸ್‌ರೇ ನೋಡಿದ ಮೇಲೆ ಇವರ ಕೈ ತಾನಾಗಿ ಬಲಗಡೆಗೇ ಹೋಗುತ್ತಿತ್ತು; ಈಗಲೂ ಅಲ್ಲಿಗೇ ಹೋಯಿತು.

"ನೋಡೇ, ನೋಡು! ಎದೆ ಎಲ್ಲೈತೆ ಅಂತ್ಲೂ ಗೊತ್ತಾಯ್ತಿಲ್ಲ. ಬೆಳ್‌ಬೆಳಿಗ್ಗೇನೇ ಹಾಕ್ಕಂಡವ್ರೆ!"

ಡಾಕ್ಟರಮ್ಮ ನಗುತ್ತಾ ಗೋಡೆಗೆ ಒರಗಿದರು. ಹಿಂದೆಯೇ ಹೊರಬಂದ ಮಗಳು ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ, ಮಗೂಗೆ ಬಿಕ್ಕಳಿಕೆ ಬರುತ್ತೆ" ಎಂದಳು. ನಾನು ಅಮ್ಮನನ್ನು ಪಕ್ಕಕ್ಕೆ ಕೂರಿಸಿ ಎಲ್ಲಾ ಬಿಡಿಸಿ ಹೇಳಿದೆ. ನಂಬಲಿಲ್ಲ. ಅಳಿಯನ ಎದೆಯ ಬಲಕ್ಕೆ ತಾನೇ ಅಂಗೈ ಇಟ್ಟು ನೋಡಿದಳು. ಬಡಿತ ಸಿಕ್ಕಿದ್ದೇ, "ಅಯ್ಯೋ, ಇಲ್ಲೈತಲ್ಲ!" ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಬಸ್ಸಿನಲ್ಲಿ ಇವರು ಕಿತ್ತ ಗುಂಡಿಯನ್ನು ನನ್ನ ಕೈಗೆ ಕೊಟ್ಟು, "ಮಗು ಒಂದ್ ವಿಷಯದಲ್ಲಾದ್ರೂ ನನ್ನ ಥರ ಇರಬಹುದಿತ್ತು" ಎಂದರು.

"ಕೆಮ್ಮು ಇರುತ್ತೆ ಬಿಡಿ" ಎಂದೆ.

ಸಂಜೆ ಮುದ್ದೆ, ಹುರುಳಿಕಾಳಿನ ಸಾರು, ನಂಚಿಕೊಳ್ಳಲು ಮಾವಿನಕಾಯಿ ಚಟ್ನಿ. ಅಮ್ಮ ಅಳಿಯನಿಗೆ ತಾನೇ ಬಡಿಸಿ, ಅವರು ಸಾಕೆಂದರೂ ತುಪ್ಪ ಸುರಿದಳು. ಚಾಪೆಯನ್ನು ಹೊಸ್ತಿಲಿಂದ ಒಳಗೆ, ಫ್ಯಾನಿನ ಕೆಳಗೆ ಎಳೆದುಕೊಂಡಳು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಗೊರಕೆ ಕೇಳಿಸಿತು. ಇವತ್ತು ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅಮ್ಮ.