ಮಣ್ಣಿನ ಮೇಲೆ ಹೊರಿಸಿದ ತಪ್ಪು

ನನ್ನ ತಮ್ಮ ಬಸವರಾಜನ ದ್ರಾಕ್ಷಿಗೆ ಗಂಧಕ ಸಿಂಪಡಿಸಿದವಳು ನಾನು. ಅದು ಬೆಳಿಗ್ಗೆಯೋ ಸಂಜೆಯೋ, ಎಷ್ಟು ಸಾಲಿಗೆ ಹೊಡೆದೆನೋ — ಈ ವಿವರಗಳು ತಪ್ಪಿರಬಹುದು. ನನಗೆ ಅನುಕೂಲವಾಗುವಂತೆ ನೆನಪು ಅವನ್ನು ತಿದ್ದಿಕೊಂಡಿರಲೂಬಹುದು. ಸಿಂಪಡಿಸಿದ್ದು ಮಾತ್ರ ನಿಜ.

ಹಿರಿಯೂರಿನ ನಮ್ಮ ಹೊಲದಲ್ಲಿ ಅವನು ಔಷಧಿ ಮುಟ್ಟದೆ ವೈನ್ ದ್ರಾಕ್ಷಿ ಬೆಳೆದಿದ್ದ. ನಮ್ಮಂಥ ಮಠದ ಭಕ್ತರ ಮನೆಯಲ್ಲಿ ವೈನ್ ಎಂಬ ಮಾತೇ ಕಷ್ಟ. ನೆಂಟರು ಅವನಿಗೆ ಹೆಂಡದ ಬಸವರಾಜ ಎಂದು ಹೆಸರಿಟ್ಟಿದ್ದರು. ನಕ್ಕು ಸುಮ್ಮನಾಗುತ್ತಿದ್ದ. ಹೊರಗಿನ ಯೀಸ್ಟ್ ಸೇರಿಸದೆ, ಸಿಪ್ಪೆಯ ಮೇಲೆ ತಾನಾಗಿ ಇರುವ ಯೀಸ್ಟಿನಿಂದಲೇ ರಸ ಹುದುಗಿಸುವ ಸಣ್ಣ ವೈನರಿಯೊಂದು ಅವನ ಮೊದಲ ಫಸಲನ್ನು ಒಪ್ಪಿಕೊಂಡಿತ್ತು.

ನಾನು ಹೊಳಲ್ಕೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೊಯ್ಲಿಗೆ ಕೆಲವೇ ದಿನ ಇರುವಾಗ ಊರಿಗೆ ಹೋದೆ. ಅವನು ಗೊಂಚಲೊಂದನ್ನು ಎತ್ತಿ ತೋರಿಸಿದ. ಕಪ್ಪು ಹಣ್ಣಿನ ಮೇಲೆ ತೆಳುವಾದ ಬಿಳಿ ಪುಡಿ.

"ನೋಡಕ್ಕ, ವಿಭೂತಿ ಹಚ್ಕಂಡು ಮಠಕ್ಕೆ ಹೊಂಟಂಗೆ ಅವೆ."

ಬಳ್ಳಿಗೆ ತಗುಲುವ ಬೂದಿ ರೋಗವನ್ನು ತಮಾಷೆಯಲ್ಲಿ ಮುಚ್ಚುತ್ತಿದ್ದಾನೆ ಅಂದುಕೊಂಡೆ. ನಿಜಕ್ಕೂ ಮಾಗಿದ ಹಣ್ಣಿಗೆ ಸಹಜವಾಗಿ ಬರುವ ಪುಡಿ ಅದು — ಬೆರಳಿಂದ ಒರೆಸಿದ್ದರೆ ಕೆಳಗೆ ಸಿಪ್ಪೆ ಹೊಳೆಯುತ್ತಿತ್ತು. ಒರೆಸಲಿಲ್ಲ. ಕೇಳಲೂ ಇಲ್ಲ. ಪಾಠ ಹೇಳುವವಳು ನಾನು, ತಮ್ಮನನ್ನು ಕೇಳುವುದೇ? ಅವನು ಕ್ರೇಟು ತರಲು ಚಿತ್ರದುರ್ಗಕ್ಕೆ ಹೋದಾಗ ಪಕ್ಕದ ತೋಟದಿಂದ, ಆ ರೋಗಕ್ಕೆ ಹೊಡೆಯುವ ಗಂಧಕ ತಂದು ಹೊಡೆದೆ. ಒಣಗಿದ ಮೇಲೆ ಅದೂ ಹಾಗೆಯೇ ಬೆಳ್ಳಗೆ ಕಂಡಿತು; ಅವನಿಗೆ ಗುರುತು ಸಿಗುವಂತಿರಲಿಲ್ಲ. ಅವನ ಬೆಳೆ ಉಳಿಸಿದೆ ಎಂಬ ಸಮಾಧಾನದಲ್ಲಿ ಬಸ್ಸು ಹತ್ತಿದೆ.

ಆ ಹಣ್ಣಿನಿಂದ ಮಾಡಿದ ವೈನ್ ಕೊಳೆತ ಮೊಟ್ಟೆಯಂತೆ ನಾರಿತು. ಕೊಯ್ಲಿನ ಹೊತ್ತಿಗೆ ಹಣ್ಣಿನ ಮೇಲೆ ಗಂಧಕ ಉಳಿದರೆ ಹಾಗಾಗುತ್ತದೆಂದು ಓದಿ ತಿಳಿದೆ — ಅವನು ನನ್ನನ್ನು ಕೇಳುವ ಮೊದಲೇ. ಇನ್ನು ನಿಮ್ಮ ಹಣ್ಣು ಬೇಡ ಎಂದು ವೈನರಿಯವರು ಅಂದಿದ್ದರು.

"ನೀನು ಓದಿದೋಳು. ಯಾಕಿಂಗಾತು ಹೇಳಕ್ಕ," ಎಂದ.

"ನಿನ್ನ ಮಣ್ಣಾಗೇ ಏನೋ ಐತೆ ಕಣೋ," ಎಂದೆ.

ನಂಬಿದ. ಬಳ್ಳಿಗಳನ್ನೆಲ್ಲ ಬುಡಸಹಿತ ಕಿತ್ತು ದಾಳಿಂಬೆ ಹಾಕಿದ. ಗಂಧಕ ಹೊಡೆದದ್ದು ತಿಳಿಯದೆ ಮಾಡಿದ ಕೆಲಸ ಎನ್ನಬಹುದು. ಮಣ್ಣಿನ ಮೇಲೆ ಹೊರಿಸಿದ ಈ ಮಾತನ್ನು ಹಾಗೆನ್ನಲಾರೆ.

ರಜೆ ಬಂದಾಗಲೆಲ್ಲ, ಹೇಳಿಬಿಡಬೇಕೆಂದೇ ಹೋಗುತ್ತಿದ್ದೆ — ಹೋಗಿ, ಉಂಡು, ವಾಪಸ್ಸು. ಬರಬರುತ್ತ ಹೋಗುವುದನ್ನೇ ಬಿಟ್ಟೆ. ಹೊಳಲ್ಕೆರೆಯ ಕೋಣೆಯಲ್ಲಿ ನನ್ನದೊಂದೇ ತಟ್ಟೆ. ಅವನ ಫೋನು ಬಂದರೆ ಅದು ನಿಲ್ಲುವ ತನಕ ನೋಡುತ್ತ ಕೂರುತ್ತಿದ್ದೆ. ಈಚೆಗೆ ಅವನೂ ಮಾಡುತ್ತಿರಲಿಲ್ಲ.

ಹೋದ ವಾರ ಮತ್ತೆ ಊರಿಗೆ ಹೋಗಿ, ದಾಳಿಂಬೆ ಸಾಲಿನಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಕತ್ತರಿಯನ್ನು ಜೇಬಿಗಿಟ್ಟುಕೊಂಡ. ಬೈಯಲಿಲ್ಲ.

"ಆ ಮಣ್ಣನ್ನ ಬೈಕಂಡು ಓಡಾಡಿದ್ನಲ್ಲಕ್ಕ ನಾನು," ಎಂದ.

ಕ್ಷಮಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಬಂದ ಮಾತು ಒಂದೇ.

"ಮತ್ತೆ ದ್ರಾಕ್ಷಿ ಹಾಕ್ತೀಯೇನೋ, ಬಸು?"