ಬೇಲಿಯಾಚೆಯ ಬೈಗುಳ

ಒಂದು ಕೋಳಿ ಕಾಣೆಯಾದರೆ ಸಾಕು, ನೆರೆಮನೆಯ ವೆತೂರಿಯಾ ಬೇಲಿಗೆ ಬಂದು ಬಾಯಿ ಮಾಡುತ್ತಿದ್ದಳು. "ಏನೇ ಝಾಂಫಿರಾ, ನನ್ನ ಕೋಳಿ ನಿನ್ನ ಗಡಿಗೇಲಿ ಬೇಯ್ತಿದ್ಯಾ? ರೋಮಾ ಜನ ನೀವು, ಅಲೆಮಾರಿಗಳು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ!"

"ನಮ್ಮಜ್ಜನೂ ಇದೇ ಕುಲುಮೇಲಿ ತಾಮ್ರ ಕಾಸ್ತಿದ್ದ. ಮೊದ್ಲು ಕೋಳಿ ಎಣಿಸೋದು ಕಲಿ ಹೋಗೇ," ಅನ್ನುತ್ತಿದ್ದಳು ಝಾಂಫಿರಾ, ಹಂಡೆಗೆ ಕಲಾಯಿ ಹಾಕುತ್ತ, ತಲೆಯನ್ನೂ ಎತ್ತದೆ. ಸಂಜೆಗೆ ಕೋಳಿ ತಾನಾಗಿ ಗೂಡು ಸೇರುತ್ತಿತ್ತು. ಮರುದಿನ ಬೇಲಿಯ ಮೇಲೆ ವೆತೂರಿಯಾ ಇಟ್ಟ ಒಂದು ಬಟ್ಟಲು ಪ್ಲಮ್ ಹಣ್ಣಿನ ಜಾಮ್ ಮಾತಿಲ್ಲದೆ ಕೂತಿರುತ್ತಿತ್ತು.

ಆರು ವರ್ಷದ ಹಿಂದೆ ವೆತೂರಿಯಾ ಇಟಲಿಗೆ ಮನೆಗೆಲಸಕ್ಕೆ ಹೊರಟಳು. ಊರು ತುಂಬ ನೆಂಟರಿದ್ದರೂ ಬೀಗದಕೈ ಕೊಟ್ಟದ್ದು ಝಾಂಫಿರಾಳಿಗೆ. "ಇನ್ಯಾರನ್ನೇ ನಂಬಲಿ?" ಅಂದಿದ್ದಳು. ಅಂದಿನಿಂದ ಆ ಕೋಳಿಗಳಿಗೆ ಕಾಳು ಹಾಕುವವಳು ಝಾಂಫಿರಾ. ವೆತೂರಿಯಾ ಅಲ್ಲಿ ನಾಲ್ಕು ಊರು ಬದಲಾಯಿಸಿದಳು. ಇವಳು ಕುಲುಮೆ ಬಿಟ್ಟು ಕದಲಲಿಲ್ಲ.

ನಿನ್ನೆ ಗೂಡಿನಲ್ಲಿ ಒಂದು ಕೋಳಿ ಕಡಿಮೆಯಿತ್ತು. ಝಾಂಫಿರಾ ಕೂಡಲೇ ಫೋನ್ ಮಾಡಿದಳು.

"ಹೋಗ್ಲಿ ಬಿಡೇ, ಒಂದು ಕೋಳಿ ತಾನೇ," ಎಂದಳು ವೆತೂರಿಯಾ, ಮೆತ್ತಗೆ.

ಆ ಮೆತ್ತನೆಯ ದನಿ ಕೇಳಿ ಝಾಂಫಿರಾ ಫೋನ್ ಹಿಡಿದೇ ಬೇಲಿಯ ಹತ್ತಿರ ಹೋದಳು.

"ಬಿಡಲ್ಲ ಕಣೇ. ಇಲ್ಲಿಗೆ ಬಂದು, ಬೇಲಿ ಹತ್ರ ನಿಂತು ಬಯ್ಯಿ."