ಕಾಣೆಯಾದ ಹೈಡ್ರೋಜನ್ನೂ ಕಳೆಯುವ ಮಾವನೂ

ಡಬ್ಬದ ಸಮೇತ ಎಣ್ಣೆ ತೂಗಿ, ಆಮೇಲೆ ಖಾಲಿ ಡಬ್ಬದ ತೂಕ ಕಳೆದರೆ ಉಳಿಯುವುದೇ ಎಣ್ಣೆ. ಇದನ್ನು ಅಂಗಡಿಯಲ್ಲಿ ಮಾಡಿದರೆ ವ್ಯಾಪಾರ, ಆಕಾಶಕ್ಕೆ ಮಾಡಿದರೆ ವಿಜ್ಞಾನ. ಉಪಗ್ರಹ ಕೇಂದ್ರದ ಎರಡನೆಯ ಮಹಡಿಯಲ್ಲಿ, ಕುಡಿಯುವ ನೀರಿನ ಯಂತ್ರದ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ ವಿಜ್ಞಾನಿಯೊಬ್ಬರು ನೌಕರಿಯುದ್ದಕ್ಕೂ ಮಾಡಿದ್ದು ಇದೊಂದೇ ಕೆಲಸ. ಅದಕ್ಕೇ ಕಿರಿಯರು ಅವರನ್ನು ಎದುರಿಗೆ ‘ಸರ್’ ಎಂದೂ ಬೆನ್ನ ಹಿಂದೆ ‘ಕಳೆಯೋ ಮಾವ’ ಎಂದೂ ಕರೆಯುತ್ತಿದ್ದರು. ಎರಡೂ ಮಾವನಿಗೆ ಗೊತ್ತಿತ್ತು. ಎರಡನೆಯದೇ ಹೆಚ್ಚು ಹಿತವೆನಿಸುತ್ತಿತ್ತು, ಆದರೆ ಅದನ್ನು ಹೊರಗೆ ತೋರಿಸಿಕೊಳ್ಳುವ ಸಲೀಸು ಮನುಷ್ಯ ಅವರಲ್ಲ.

ಅವರ ಸರಕು ಹೈಡ್ರಾಕ್ಸಿಲ್. ವಿಮಾನಗಳು ಕನಸಿನಲ್ಲೂ ಏರದ ಎತ್ತರದಲ್ಲಿ ಹಗಲ ಬಿಸಿಲು ನೀರಾವಿಯನ್ನು ಒಡೆದಾಗ ಹುಟ್ಟುವ ಕಣ ಅದು. ಒಂದು ಹೈಡ್ರೋಜನ್, ಒಂದು ಆಮ್ಲಜನಕ, ಅರ್ಧಕ್ಕೇ ನಿಂತ ಸಂಸಾರ. ಓಝೋನ್ ಎಂದರೆ ಮೂರು ಆಮ್ಲಜನಕಗಳ ತುಂಬಿದ ಮನೆ. ಅರ್ಧ ಸಂಸಾರದವರಿಗೆ ತುಂಬಿದ ಮನೆ ಕಂಡರೆ ಸುಮ್ಮನಿರಲಾಗುತ್ತದೆಯೇ? ಹೈಡ್ರಾಕ್ಸಿಲ್ ಒಳಗೆ ನುಗ್ಗಿ ಒಂದನ್ನು ಎಳೆದುಕೊಂಡು ಬರುತ್ತದೆ, ಅದನ್ನು ಇನ್ನೆಲ್ಲೋ ಬಿಟ್ಟು, ತಾನು ಮಾತ್ರ ಮೊದಲಿದ್ದ ಹಾಗೇ ಮುಂದಿನ ಮನೆಗೆ ಹೊರಡುತ್ತದೆ. ಇಂಥ ಮನೆಮುರುಕ ಎಷ್ಟಿದೆ ಎಂದು ತಿಳಿದರೆ ಓಝೋನ್ ಎಷ್ಟು ಉಳಿದೀತು ಎಂದು ಲೆಕ್ಕ ಹಾಕಬಹುದು.

ಉಪಗ್ರಹ ಅದನ್ನೇ ಅಳೆಯುತ್ತಿತ್ತು. ಆದರೆ ಉಪಕರಣಕ್ಕೂ ತನ್ನದೇ ಗುನುಗು ಇರುತ್ತದೆ, ಏನೂ ಇಲ್ಲದ ಕಡೆಯೂ ಒಂದಿಷ್ಟು ಇದೆ ಎಂದು ತೋರಿಸುವಂಥದ್ದು. ಮಾವ ತಮ್ಮ ಯೌವನದಲ್ಲಿ ಒಂದು ಚೊಕ್ಕ ನಿಯಮ ಬರೆದರು: ಬಿಸಿಲಿಲ್ಲದ ಮೇಲೆ ಹೈಡ್ರಾಕ್ಸಿಲ್ ಇಲ್ಲ, ಹಾಗಾಗಿ ರಾತ್ರಿ ಕಂಡದ್ದೆಲ್ಲ ಉಪಕರಣದ ಗುನುಗು. ರಾತ್ರಿಯೇ ಖಾಲಿ ಡಬ್ಬ. ಹಗಲಿನಿಂದ ಅದನ್ನು ಕಳೆದುಬಿಡಿ. ನಿಯಮ ಎಷ್ಟು ಸರಳವಾಗಿತ್ತೆಂದರೆ ಅವರ ಅಂಕಿ ಬಳಸುವ ಜಗತ್ತಿನ ಗಿರಾಕಿಗಳೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡರು. ಅಷ್ಟು ವರ್ಷದಲ್ಲಿ ಮಾವನ ಒಂದೇ ಒಂದು ಅಂಕಿಯೂ ಹಿಂದಕ್ಕೆ ಬಂದಿರಲಿಲ್ಲ. ನಿವೃತ್ತಿಗೆ ಇನ್ನು ಕೆಲವೇ ವರ್ಷವಿತ್ತು. ‘ಒಂದು ತಪ್ಪೂ ಮಾಡದೆ ಹೋದ’ ಎನ್ನಿಸಿಕೊಳ್ಳುವುದೊಂದೇ ಅವರಿಗಿದ್ದ ಆಸೆ. ಬೇರೆ ಆಸೆಗಳನ್ನು ಅವರು ಆಗಲೇ ಕಳೆದುಕೊಂಡು ಬಂದಿದ್ದರು.

ಬಂಧುಗಳಿಗೆ ಇದೆಲ್ಲ ಅರ್ಥವಾಗುತ್ತಿರಲಿಲ್ಲ. ಹೆಂಡತಿಯ ತಮ್ಮ ಸಿಕ್ಕಾಗಲೆಲ್ಲ, ಹಾಸಿಗೆ ಹಿಡಿದ ದೊಡ್ಡಪ್ಪನನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದ: “ಓಝೋನ್ ಈಗ ಹೇಗಿದೆ ಭಾವ?”

“ಪರವಾಗಿಲ್ಲ, ಚೇತರಿಸ್ಕೊಳ್ತಾ ಇದೆ.”

“ತೂತು ಮುಚ್ಚಿತಾ?”

“ಅದು ನಮ್ಮ ವಿಭಾಗ ಅಲ್ಲ. ನಮ್ಮದು ಅದಕ್ಕಿಂತ ಮೇಲೆ.”

“ಹಂಗಾದ್ರೆ ಬಡ್ತಿ ಆಯ್ತು ಅನ್ನಿ!”

ಬಡ್ತಿ ಆಗಿದ್ದದ್ದು ನಿರ್ದೇಶಕರಿಗೆ. ಅವರ ಕೀರ್ತಿಯೆಲ್ಲ ನಿಂತಿದ್ದದ್ದು ಒಂದು ಕೊರತೆಯ ಮೇಲೆ. ಸಿದ್ಧಾಂತದ ಪ್ರಕಾರ ಆ ಮೇಲಿನ ಎತ್ತರದಲ್ಲಿ ಇಷ್ಟು ಹೈಡ್ರಾಕ್ಸಿಲ್ ಇರಬೇಕು. ಮಾವನ ಅಂಕಿಯಲ್ಲಿ ಅದಕ್ಕಿಂತ ಕಡಿಮೆ ಇತ್ತು. ಹಾಗಾದರೆ ಅದರಲ್ಲಿರಬೇಕಿದ್ದ ಉಳಿದ ಹೈಡ್ರೋಜನ್ ಎಲ್ಲಿ ಹೋಯಿತು? ಈ ಪ್ರಶ್ನೆ ಹೊತ್ತುಕೊಂಡು ನಿರ್ದೇಶಕರು ದೇಶ ದೇಶ ಸುತ್ತಿದರು, ಭಾಷಣ ಮಾಡಿದರು, ಹಾರ ಹಾಕಿಸಿಕೊಂಡರು. ಉತ್ತರ ಸಿಕ್ಕವರನ್ನು ಒಂದು ಸಲ ಕರೆಯುತ್ತಾರೆ. ಪ್ರಶ್ನೆ ಇಟ್ಟುಕೊಂಡವರನ್ನು ವರ್ಷ ವರ್ಷವೂ ಕರೆಯುತ್ತಾರೆ. ಕಿರಿಯರು ಅವರಿಗೆ ಇಟ್ಟ ಹೆಸರು ‘ಕಾಣೆ ಪ್ರಕಟಣೆ’.

ಆ ವರ್ಷ ಜಗತ್ತಿನ ವಿದ್ವಾಂಸರೆಲ್ಲ ಕೇಂದ್ರಕ್ಕೇ ಬರುವವರಿದ್ದರು. ನಿರ್ದೇಶಕರು ಮಾವನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು: “ನೋಡಪ್ಪಾ, ದೊಡ್ಡದಾಗಿ ಎರಡು ಚಿತ್ರ ಬೇಕು. ಒಂದು ಹಗಲು, ಒಂದು ರಾತ್ರಿ. ಹಗಲು ಝಗಮಗ ಅನ್ನಬೇಕು, ರಾತ್ರಿ ಕಪ್ಪಗೆ ಕತ್ತಲೆ. ನೋಡ್ದೋರು ದಂಗಾಗಿಬಿಡ್ಬೇಕು.”

ಹಗಲಿನ ಚಿತ್ರ ಸಿದ್ಧವಿತ್ತು. ರಾತ್ರಿಯದನ್ನು ಯಾರೂ ಯಾವತ್ತೂ ಬಿಡಿಸಿರಲಿಲ್ಲ. ಎಸೆಯುವ ವಸ್ತುವಿನ ಫೋಟೋ ಯಾರು ತೆಗೆಯುತ್ತಾರೆ? ಮಾವ ವರ್ಷಗಟ್ಟಲೆಯ ರಾತ್ರಿಗಳನ್ನೆಲ್ಲ ರಾಶಿ ಹಾಕಿ ಸರಾಸರಿ ತೆಗೆದರು. ಪರದೆ ಕಪ್ಪಾಯಿತು. ಮೇಲ್ಗಡೆ ಮಾತ್ರ ಒಂದು ತೆಳ್ಳನೆಯ ಬೆಳ್ಳಗಿನ ಗೆರೆ.

ಮಾವ ಕರ್ಚೀಫು ತೆಗೆದು ಪರದೆ ಒರೆಸಿದರು. ಗೆರೆ ಹೋಗಲಿಲ್ಲ. ಕನ್ನಡಕ ಒರೆಸಿದರು. ಆಗಲೂ ಹೋಗಲಿಲ್ಲ.

ಉಪಕರಣದ ಗುನುಗಾದರೆ ಎಲ್ಲ ಎತ್ತರದಲ್ಲೂ ಹರಡಿಕೊಂಡಿರಬೇಕು. ಈ ಗೆರೆ ಒಂದೇ ಎತ್ತರದ ಆಸುಪಾಸು ಬಿಟ್ಟು ಕದಲುತ್ತಿರಲಿಲ್ಲ. ಒಂದೊಂದು ಋತುವನ್ನೂ ಬಿಡಿಯಾಗಿ ನೋಡಿದರೆ ಕೊಂಚ ಏರುತ್ತಿತ್ತು, ಕೊಂಚ ಇಳಿಯುತ್ತಿತ್ತು, ಉಸಿರಾಡುವ ಜೀವದ ಹಾಗೆ. ಮಾವ ತಮ್ಮ ಹಳೆಯ ನಿಯಮದ ಕಡತ ತೆರೆದರು. ಅವರ ನಿಯಮ ಹುಟ್ಟಿದಾಗ ಉಪಗ್ರಹ ನೋಡುತ್ತಿದ್ದದ್ದು ಕೆಳಗಿನ ಎತ್ತರಗಳನ್ನು, ಅಲ್ಲಿ ರಾತ್ರಿ ನಿಜಕ್ಕೂ ಖಾಲಿ. ಆಮೇಲೆ ಕೇಂದ್ರದವರು ಇನ್ನೂ ಮೇಲಿನ ಎತ್ತರಗಳ ಅಂಕಿಯನ್ನೂ ಹಂಚತೊಡಗಿದರು. ನಿಯಮ ಮಾತ್ರ ಹಳೆಯದೇ ಉಳಿಯಿತು. ಗಾಳಿ ಅಷ್ಟು ತೆಳುವಾದ ಕಡೆ ಹಗಲಲ್ಲಿ ಬಿಡುಗಡೆಯಾದ ಹೈಡ್ರೋಜನ್‌ಗೆ ಬೇಗ ಜೊತೆ ಸಿಗುವುದಿಲ್ಲ. ಕತ್ತಲಾದ ಮೇಲೂ ಅಲೆದಾಡಿ, ಓಝೋನ್ ಎದುರಾದರೆ ಡಿಕ್ಕಿ ಹೊಡೆದು ಹೈಡ್ರಾಕ್ಸಿಲ್ ಆಗುತ್ತದೆ. ಅಂಗಡಿ ಬಾಗಿಲು ಹಾಕಿದ ಮೇಲೂ ಹಿಂಬಾಗಿಲಲ್ಲಿ ವ್ಯಾಪಾರ ನಡೆದ ಹಾಗೆ.

ಇದು ಮೂರನೆಯ ಮಹಡಿಯವರಿಗೆ ಮೊದಲಿನಿಂದಲೂ ಗೊತ್ತಿತ್ತು. ರಾತ್ರಿಯ ಆಕಾಶದ ಮಂದ ಹೊಳಪನ್ನು ಕ್ಯಾಮೆರಾದಲ್ಲಿ ಹಿಡಿಯುವುದೇ ಅವರ ಕಸುಬು. ಆ ಹೊಳಪೇ ಹೈಡ್ರಾಕ್ಸಿಲ್‌ನದು. ಆದರೆ ಎರಡನೆಯ ಮಹಡಿಗೂ ಮೂರನೆಯ ಮಹಡಿಗೂ ಯಾವುದೋ ಕಾಲದಲ್ಲಿ ಒಂದು ಪ್ರಿಂಟರಿನ ವಿಷಯಕ್ಕೆ ಮಾತು ಬಿಟ್ಟಿತ್ತು. ಪ್ರಿಂಟರು ಗುಜರಿಗೆ ಹೋದರೂ ಮುನಿಸು ಗಟ್ಟಿಮುಟ್ಟಾಗಿತ್ತು.

ಮಾವ ಬಾಗಿಲು ಹಾಕಿಕೊಂಡರು. ಮುಂದೆ ಅವರು ಮಾಡಿದ್ದು, ಅಷ್ಟು ಕಾಲ ಒಂದೇ ಕೆಲಸ ಮಾಡಿದ ಮನುಷ್ಯ ಮಾತ್ರ ಮಾಡಬಲ್ಲ ಕೆಲಸ: ರಾತ್ರಿಯಿಂದ ರಾತ್ರಿಯನ್ನೇ ಕಳೆದರು. ಪರದೆಯ ತುಂಬ ಅಪ್ಪಟ ಕಪ್ಪು. ನಿರ್ದೇಶಕರು ಕೇಳಿದ್ದು ಇದನ್ನೇ. ಅಚ್ಚು ತೆಗೆದು, ಸುರುಳಿ ಸುತ್ತಿ, ಬಗಲಲ್ಲಿ ಇರುಕಿಕೊಂಡು ಹೊರಟರು.

ಹೆಂಡತಿಯದು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿ. ಸಂಜೆ ಅಲ್ಲಿಗೆ ಹೋಗಿ, ಕೇಳಿದವರಿಗೆ ಚಿಲ್ಲರೆ ಇಲ್ಲ ಎನ್ನುವುದು ಮಾವನ ಸಂಸಾರ ಸೇವೆ. ಆಕೆ ಸುರುಳಿ ಬಿಚ್ಚಿ ನೋಡಿದರು.

“ಏನ್ರೀ ಇದು, ಇಷ್ಟು ದೊಡ್ಡ ಕಾರ್ಬನ್ ಹಾಳೆ?”

“ರಾತ್ರಿ.”

“ಅದು ಗಡಿಯಾರ ನೋಡಿದ್ರೂ ಗೊತ್ತಾಗುತ್ತೆ. ಮುಖ ಯಾಕೆ ಹೀಗಿದೆ?”

ಮಾವ ಹೇಳಿದರು. ಮಧ್ಯೆ ಒಬ್ಬರಿಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿ, ಆಕೆ ಮತ್ತೆ ಕೇಳಿದರು: “ಅಂದ್ರೆ, ನಿಮ್ಮ ದೊಡ್ಡೋರು ಹುಡುಕ್ತಾ ಇದ್ದ ಆ ಹೈಡ್ರೋಜನ್ನು…”

“ಅದರಲ್ಲಿ ಬಹುಪಾಲು ನಮ್ಮ ಹತ್ರಾನೇ ಇತ್ತು. ನಾನೇ ದಿನಾ ಗುಡಿಸಿ ಹೊರಗೆ ಹಾಕ್ತಿದ್ದೆ.”

ಆಕೆ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕರು. “ಅಯ್ಯೋ ದೇವರೇ! ಕಂಕುಳಲ್ಲಿ ಕೂಸು, ಊರ ತುಂಬಾ ಡಂಗುರ! ಅದೂ ವಿಮಾನದಲ್ಲಿ ಕೂತ್ಕೊಂಡು!”

“ನಗಬೇಡ ಕಣೇ. ಒಂದು ತಪ್ಪೂ ಇಲ್ಲದೆ ಮನೆಗೆ ಬರ್ತೀನಿ ಅಂತಿದ್ದೆ.”

“ಅದು ತಿಳೀದೆ ಆಗಿದ್ದು. ಈ ಕರೀ ಹಾಳೆ ಕೊಟ್ರೆ ಅದೇ ನಿಮ್ಮ ಮೊದಲನೇ ತಪ್ಪು. ಇದನ್ನ ನೀವೇ ಕೂತು ತಯಾರು ಮಾಡಿದ್ದೀರಿ.”

“ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಯ್ತಲ್ಲ. ನಾನು ಸುಮ್ನೆ ಇರ್ತೀನಿ ಅಂತ ಯಾರು ಹೇಳಿದ್ರು? ನನ್ನ ತಮ್ಮ ಬರೋ ವಾರ ಬರ್ತಾನೆ.”

ವಿಜ್ಞಾನದ ಇತಿಹಾಸದಲ್ಲಿ ಸತ್ಯವನ್ನು ಹಲವು ಶಕ್ತಿಗಳು ಹೊರಗೆ ತಂದಿವೆ. ಅವುಗಳಲ್ಲಿ ಭಾವಮೈದುನನ ಭಯವನ್ನು ಯಾರೂ ಸರಿಯಾಗಿ ಅಳೆದಿಲ್ಲ.

ಮರುದಿನ ಮಾವ ಗೆರೆಯಿದ್ದ ನಿಜವಾದ ಚಿತ್ರವನ್ನೇ ನಿರ್ದೇಶಕರ ಮೇಜಿನ ಮೇಲೆ ಹರಡಿದರು.

“ಏನಪ್ಪಾ ಈ ಗೀರು? ಕೊಳೆ ಇರ್ಬೇಕು, ಒರೆಸು.”

“ಒರೆಸಿದೆ ಸರ್. ಕೊಳೆಗೆ ಇಷ್ಟು ಶಿಸ್ತು ಇರಲ್ಲ.”

ಮಾವ ಎಲ್ಲವನ್ನೂ ಬಿಡಿಸಿ ಹೇಳಿದರು. ನಿರ್ದೇಶಕರ ಮುಖ ಮೊದಲು ಬಿಳಚಿತು. ಒಂದು ಜೀವಮಾನದ ಪ್ರಶ್ನೆ ಕಣ್ಣೆದುರೇ ಸೋರಿ ಹೋಗುತ್ತಿತ್ತು. ಕಿಟಕಿಯತ್ತ ಮುಖ ಮಾಡಿ, ಬೆರಳು ಮಡಚಿ ಸಭೆಗೆ ಉಳಿದ ದಿನ ಎಣಿಸಿದರು. ತಿರುಗಿದಾಗ ಮುಖದಲ್ಲಿ ರಕ್ತ ವಾಪಸ್ಸಾಗಿತ್ತು.

“ಇದು ಬೇರೆ ಯಾರಿಗೆ ಗೊತ್ತು?”

“ಮನೇಲಿ ಗೊತ್ತು ಸರ್.”

“ಆಯ್ತು. ಇದಕ್ಕೆ ಏನು ಹೆಸರಿಡೋಣ?”

ಸಭೆಯಲ್ಲಿ ನಿರ್ದೇಶಕರು ‘ರಾತ್ರಿಯ ಪದರ’ವನ್ನು ಅನಾವರಣ ಮಾಡಿದರು. ಕಾಣೆಯಾದದ್ದು ಸಿಕ್ಕಿತು ಎಂದಾಗ ವಿದ್ವಾಂಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಎಲ್ಲಿ ಸಿಕ್ಕಿತು ಎಂದು ಕೇಳುವ ಅಸಭ್ಯರು ಯಾರೂ ಇರಲಿಲ್ಲ. ಮೂರನೆಯ ಮಹಡಿಯವರು ಮಾತ್ರ ಹಿಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು ಕೂತಿದ್ದರು. ಸಂಶೋಧನಾ ಲೇಖನದಲ್ಲಿ ನಿರ್ದೇಶಕರ ಹೆಸರು ಮೊದಲು ಬಂತು, ಅವರ ಹಿಂದೆ ಒಂದು ದಿಬ್ಬಣದಷ್ಟು ಜನ ಬಂದರು. ಮಾವನ ಹೆಸರು ದಿಬ್ಬಣದ ಕೊನೆಯಲ್ಲಿ, ಸಾಮಾನು ಹೊರುವವರು ನಡೆಯುವ ಜಾಗದಲ್ಲಿತ್ತು.

ಮಾವನಿಗೆ ಅದು ಚುಚ್ಚಲಿಲ್ಲ. ಚುಚ್ಚಿದ್ದು ಬೇರೆ. ಹಳೆಯ ಅಂಕಿಗಳೆಲ್ಲ ಇನ್ನೂ ಗಿರಾಕಿಗಳ ಕೈಯಲ್ಲೇ ಇದ್ದವು.

“ಸರ್, ಹಿಂದಿನ ಕಳೆಯೋ ಲೆಕ್ಕ ತಪ್ಪು ಅಂತ ಒಂದು ಸಾಲು ಹಾಕಬೇಕು.”

“ಹಬ್ಬದ ದಿನ ಅಪಶಕುನ ಯಾಕಪ್ಪಾ? ತಪ್ಪು ಅಂತ ನನ್ನ ಹೆಸರಲ್ಲಿ ಒಂದಕ್ಷರ ಬರಲ್ಲ. ಬೇಕಾದ್ರೆ ನೀನೇ ಹಾಕ್ಕೋ, ನಿನ್ನೊಬ್ಬನ ಹೆಸರಲ್ಲಿ.”

ಮಾವ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಕಾಪಾಡಿಕೊಂಡು ಬಂದ ಒಂದೇ ಒಂದು ಆಸ್ತಿಯನ್ನು ತಾವೇ ಬೀದಿಗೆ ಸುರಿಯಬೇಕಿತ್ತು. ಕೊನೆಗೆ ಬರೆದರು: ಯಾವ ಎತ್ತರದಿಂದ ಮೇಲೆ ಕಳೆಯಬಾರದಿತ್ತು, ಯಾಕೆ, ಹಳೆಯ ಅಂಕಿಯನ್ನು ಈಗ ಹೇಗೆ ಸರಿಪಡಿಸಿಕೊಳ್ಳಬೇಕು. ‘ಈ ನಿಯಮ ಬರೆದವನು ನಾನು’ ಎಂದು ಸೇರಿಸಿ, ಕೆಳಗೆ ಒಂಟಿ ಹೆಸರು ಹಾಕಿ ಕಳಿಸಿದರು. ಎರಡು ಪುಟದ ಆ ತಿದ್ದುಪಡಿ, ಲೇಖನ ಬಂದಿದ್ದ ಪತ್ರಿಕೆಯ ಕೊನೆಯಲ್ಲಿ, ಜಾಹೀರಾತಿನ ಹಿಂದಿನ ಪುಟದಲ್ಲಿ ಅಚ್ಚಾಯಿತು.

ಆಮೇಲೆ ಲೋಕ ತನ್ನ ರೀತಿಯಲ್ಲಿ ವ್ಯವಹಾರ ಮಾಡಿತು. ರಾತ್ರಿಯ ಪದರವನ್ನು ಮೆಚ್ಚಿದವರು ಮೆಚ್ಚಿ ಮನೆಗೆ ಹೋದರು. ಆದರೆ ಮೇಲಿನ ಓಝೋನ್‌ನ ಲೆಕ್ಕ ಮುಟ್ಟುವವರಿಗೆಲ್ಲ ಹಳೆಯ ಅಂಕಿ ಬೇಕಾಗಿತ್ತು. ಅಂಕಿ ಬೇಕೆಂದರೆ ತಿದ್ದಬೇಕು, ತಿದ್ದಿದರೆ ಮಾವನ ಹೆಸರು ಉಲ್ಲೇಖಿಸಬೇಕು. ಕಂಡು ಕೇಳರಿಯದ ದೇಶಗಳ ಲೇಖನಗಳಲ್ಲೆಲ್ಲ ಕಳೆಯೋ ಮಾವನ ತಪ್ಪು ರಾರಾಜಿಸಿತು. ಕೇಂದ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವರ ಫಲಕ ಹಾಕಿದಾಗ ಮಾವನ ಹೆಸರು ಮೇಲೆ, ನಿರ್ದೇಶಕರದ್ದು ಸಾಕಷ್ಟು ಕೆಳಗೆ.

ಫಲಕ ಏರಿದ ಮಧ್ಯಾಹ್ನ ನಿರ್ದೇಶಕರು ಮಾವನ ಕೋಣೆಗೆ ಬಂದು, ಎಂದೂ ಇಲ್ಲದ ಹಾಗೆ ಕುರ್ಚಿ ಎಳೆದುಕೊಂಡು ಕೂತರು. ತಿದ್ದುಪಡಿಯ ಎರಡನೆಯ ಆವೃತ್ತಿ ಬರುವುದಿದೆ ಎಂದು ಅವರ ಕಿವಿಗೆ ಬಿದ್ದಿತ್ತು.

“ಯೋಚನೆ ಮಾಡಿ ನೋಡಿದೆ ಕಣಪ್ಪಾ. ನಿನ್ನೊಬ್ಬನ ತಲೆ ಮೇಲೆ ಹೊರಿಸಿದ್ದು ಅನ್ಯಾಯ. ಆ ತಪ್ಪಿನಲ್ಲಿ ನನ್ನದೂ ಪಾಲಿದೆ. ನನ್ನ ಹೆಸರೂ ಸೇರಿಸು.”

ಮಾವ ಎದ್ದು, ನೀರಿನ ಯಂತ್ರದಿಂದ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು. ಆಮೇಲೆ ತುಂಬ ವಿನಯದಿಂದ, ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಮಾತು ತೆಗೆದುಹಾಕಿದರು.

“ದೊಡ್ಡ ಮಾತು ಸರ್. ಆದ್ರೆ ನಿಮಗೆ ಯಾಕೆ ಅಪವಾದ? ಆ ತಪ್ಪು ಪೂರ್ತಿ ನನ್ನದೇ.”